‘ವರೆಗೆ’ ಎಂಬ ಮಾತು

ಕನ್ನಡದಲ್ಲಿ ‘ವರೆಗೆ’ ಎಂಬುದು ಬಹಳ ಸಾಧು ಶಬ್ದ. ‘ಹೊಳೆಯವರೆಗೆ ನಡೆದೆ’, ‘ಸಂಜೆಯವರೆಗೆ ಕಾದೆ’ ಎಂದರೆ ಒಂದು ಎಲ್ಲೆಯನ್ನು ತೋರಿಸಿದ ಹಾಗೂ ಆಯಿತು, ಆ ಎಲ್ಲೆಯನ್ನು ಮುಟ್ಟಿದ್ದೇನೆಂದು ಹೇಳಿದ ಹಾಗೂ ಆಯಿತು. ಸಂಜೆಯವರೆಗೆ ಕಾದೆನೆಂದವನು ಮಧ್ಯಾಹ್ನ ಎರಡಕ್ಕೇ ಎದ್ದು ಹೋಗಿದ್ದನೆಂದು ತಿಳಿದರೆ ಅವನನ್ನು ಸುಳ್ಳುಗಾರನೆಂದೇ ಕರೆಯುತ್ತೇವೆ. ಆದರೆ ಇದೇ ಶಬ್ದ ಅಂಗಡಿಯ ಬೋರ್ಡನ್ನು ಏರಿ ಕುಳಿತೊಡನೆ ಅದರ ನಡತೆ ಬದಲಾಗುತ್ತದೆ. ‘ಶೇಕಡಾ 50ರವರೆಗೆ ರಿಯಾಯಿತಿ’ ಎಂದು ಬರೆದ ಅಂಗಡಿಯ ಒಳಗೆ ಹೋಗಿ ನೋಡಿ. ಮೂಲೆಯ ಕಪಾಟಿನಲ್ಲಿ ಯಾರಿಗೂ ಬೇಡವಾದ ಬಣ್ಣದ ನಾಲ್ಕು ಅಂಗಿಗಳಿಗೆ ಆ ಐವತ್ತು. ಉಳಿದದ್ದಕ್ಕೆಲ್ಲ ಐದೋ ಹತ್ತೋ. ಬೋರ್ಡು ಸುಳ್ಳು ಹೇಳಿದೆಯೇ? ಇಲ್ಲ. ಐದು ಕೂಡ ಐವತ್ತರ ಒಳಗೇ ಬರುತ್ತದೆ. ಬರೆದವನಿಗೆ ಅದರ ಅರ್ಥ ‘ಇದಕ್ಕಿಂತ ಹೆಚ್ಚಿಲ್ಲ’ ಎಂದು. ಓದುವವನಿಗೆ ಮಾತ್ರ ಅದು ‘ಇಷ್ಟು ಇದೆ’ ಎಂದು ಕೇಳಿಸುತ್ತದೆ. ಈ ಎರಡು ಅರ್ಥಗಳ ನಡುವಿನ ಸಂದಿನಲ್ಲಿ ಎಷ್ಟು ದೊಡ್ಡ ವ್ಯಾಪಾರ ನಡೆಯುತ್ತದೆಂಬುದನ್ನು ನಾನು ಯೋಚಿಸತೊಡಗಿದ್ದು 2024ರ ಜನವರಿಯಲ್ಲಿ, ಅಂಗೈಯಷ್ಟು ಅಗಲದ ಒಂದು ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನಿಂತಾಗ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 550 ಎಂದಿತ್ತು. ಅದರ ಹಿಂದುಮುಂದು, ಕನ್ನಡಕವಿದ್ದರಷ್ಟೇ ಕಾಣುವ ಅಕ್ಷರದಲ್ಲಿ, ‘ಸೆಕೆಂಡಿಗೆ ಇಷ್ಟು ಮೆಗಾಬೈಟ್‌ಗಳವರೆಗೆ’ ಎಂದಿತ್ತು.

ಪೆಟ್ಟಿಗೆ ನನಗಾಗಿ ಅಲ್ಲ. ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಹೆಂಗಸೊಬ್ಬರ ಮಗಳು ಶಿರಸಿಯಲ್ಲಿ ಬಿ.ಕಾಂ. ಓದುತ್ತಿದ್ದಳು. ಬೆಂಗಳೂರಿನ ನಮ್ಮ ನೆಂಟರೊಬ್ಬರು ಹೊಸದು ಕೊಂಡು, 2015ರ ತಮ್ಮ ಲ್ಯಾಪ್‌ಟಾಪನ್ನು ನಮ್ಮಲ್ಲಿ ಬಿಟ್ಟುಹೋಗಿದ್ದರು. ಅದು ಅವಳಿಗೆ ಹೋಯಿತು. ಒಂದು ತಿಂಗಳಲ್ಲಿ ಅವಳು ವಾಪಸು ಬಂದಳು. ‘ಗುಂಡಿ ಒತ್ತಿ, ದನಕ್ಕೆ ಹುಲ್ಲು ಹಾಕಿ ಬಂದರೂ ಇನ್ನೂ ಸುತ್ತುತ್ತಾ ಇರ್ತದೆ ಮಾಸ್ತರ್ರೆ’ ಎಂದಳು. ಎಸ್‌ಎಸ್‌ಡಿ ಹಾಕಿಸಿದರೆ ಸರಿಹೋಗುತ್ತದೆಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಆ ವರ್ಷದ ಕೊಯ್ಲಿನಲ್ಲಿ ತಾಯಿಯ ಪಕ್ಕ ಮೆಟ್ಟುಗತ್ತಿಯ ಮುಂದೆ ಕೂತು, ರಾತ್ರಿ ಹನ್ನೊಂದರ ತನಕ ಸುಲಿದು ಕೂಡಿಟ್ಟ ಮೂರೂವರೆ ಸಾವಿರ ರೂಪಾಯಿಯನ್ನು ನನ್ನ ಕೈಗೆ ಕೊಟ್ಟು, ‘ನೀವೇ ಒಂದು ಒಳ್ಳೇದು ನೋಡಿ ಕೊಡಿಸಿ’ ಎಂದಳು. ಮೂವತ್ತು ವರ್ಷ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳಿದವನಿಗೆ ‘ಒಳ್ಳೇದು’ ಎಂಬ ಶಬ್ದದ ಮೇಲೆ ಎರಡು ತಾಸು ಮಾತಾಡುವುದು ಕಷ್ಟವಲ್ಲ. ಆದರೆ ಇನ್ನೊಬ್ಬರ ಮೂರೂವರೆ ಸಾವಿರ ಕಿಸೆಯಲ್ಲಿದ್ದಾಗ ಆ ಶಬ್ದ ಬೇರೆಯೇ ತೂಕದ್ದಾಗುತ್ತದೆ. ನನ್ನ ದುಡ್ಡಾಗಿದ್ದರೆ ಹೆಸರು ಕೇಳಿದ ಯಾವುದನ್ನೋ ಕೊಂಡು ಆ ಮಾತನ್ನು ಅಲ್ಲಿಗೇ ಬಿಡುತ್ತಿದ್ದೆ.

ಮೊದಲು ರೋಗ ಎಲ್ಲಿದೆ ಎಂದು ತಿಳಿಯಬೇಕಲ್ಲ. ಆ ಹಳೆಯ ಯಂತ್ರದ ಬುದ್ಧಿಯಲ್ಲೇನೂ ಊನವಿರಲಿಲ್ಲ. ಅದರ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯಿದೆ. ಅದರ ಮೇಲೆ ಗ್ರಾಮಫೋನಿನ ಮುಳ್ಳಿನಂಥ ಒಂದು ಕೈ ಆಚೀಚೆ ಓಡಾಡುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಅಕ್ಷರ ತಟ್ಟೆಯ ಯಾವ ಮಗ್ಗುಲಲ್ಲಿದೆಯೋ ಅಲ್ಲಿಗೆ ಕೈ ಹೋಗಬೇಕು, ತಟ್ಟೆ ತಿರುಗಿ ಬರಬೇಕು. ಹೀಗೆ ಚದುರಿಹೋದ ಚೂರುಗಳನ್ನು ಹುಡುಕಿ ತರುವುದು ಸೆಕೆಂಡಿಗೆ ನೂರು ಸಲವೂ ಆಗದು. ಇಂದಿನ ಕಂಪ್ಯೂಟರು ಏಳುವ ಹೊತ್ತಿಗೆ ಬೇಡುವ ಚೂರುಗಳು ಸಾವಿರ ಸಾವಿರ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಕೈಯೂ ಇಲ್ಲ. ಅಲ್ಲಿ ಒಂದು ಚೂರನ್ನು ಹುಡುಕಲು ಮಿಲಿಸೆಕೆಂಡಿನ ಸಣ್ಣದೊಂದು ಪಾಲು ಸಾಕು. ‘ಇದನ್ನು ಎಸೆದು ಹೊಸದು ತಗೊಳ್ಳಿ’ ಎಂದು ಹೇಳಿದವರು ಹಲವರು. ಕಾಲು ನೋಯುತ್ತದೆ ಎಂದವನಿಗೆ ಮನುಷ್ಯನನ್ನೇ ಬದಲಾಯಿಸಿ ಎಂದ ಹಾಗೆ ಅದು.

ನಾವು ಹೋದ ಅಂಗಡಿಯ ಹುಡುಗನಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ಮಾತು ಕಡಿಮೆ. ಗಾಜಿನ ಮೇಜಿನ ಮೇಲೆ ಮೂರು ಪೆಟ್ಟಿಗೆ ಇಟ್ಟ. ಒಂದನ್ನು ತಾನೇ ಹಿಂದಕ್ಕೆ ತಳ್ಳಿದ. ಅದು ಚೂಯಿಂಗ್ ಗಮ್ಮಿನ ಪಟ್ಟಿಯಂಥ ಹೊಸ ಬಗೆಯದು, ಸೆಕೆಂಡಿಗೆ ಸಾವಿರಾರು ಮೆಗಾಬೈಟ್ ಹೇಳುವಂಥದು. ಈ ಹಳೆಯ ಯಂತ್ರದಲ್ಲಿ ಅದಕ್ಕೆ ಕೂರಲು ಜಾಗವೇ ಇಲ್ಲ. ಇದರಲ್ಲಿರುವುದು ಸಾಟಾ ಎಂಬ ಹಳೆಯ ದಾರಿ. ಅದರ ಅಗಲ ಸೆಕೆಂಡಿಗೆ 6 ಗಿಗಾಬಿಟ್. ದಾರಿಯ ಸುಂಕವೆಲ್ಲ ಕಳೆದು ಕೈಗೆ ಬರುವುದು 550 ಮೆಗಾಬೈಟ್ ಆಸುಪಾಸು. ಹಾಗಾಗಿ ಈ ಜಾತಿಯ ಪೆಟ್ಟಿಗೆಗಳ ಮೇಲೆಲ್ಲ ಹೆಚ್ಚುಕಡಿಮೆ ಅದೇ ಅಂಕೆ ಕಾಣುತ್ತದೆ. ವಾಸ್ತವವಾಗಿ ಅದು ಸಾಮಾನಿನ ಅಂಕೆಯೇ ಅಲ್ಲ, ದಾರಿಯ ಅಂಕೆ. ಉಳಿದ ಎರಡರಲ್ಲಿ ಒಂದಕ್ಕೆ 2200 ರೂಪಾಯಿ, ಇನ್ನೊಂದಕ್ಕೆ 3300. ಒಂದರ ಹೆಸರು ನಾನು ಕೇಳಿರಲಿಲ್ಲ, ಇನ್ನೊಂದರದ್ದು ಎಲ್ಲರೂ ಕೇಳಿದ್ದು. ಎರಡರ ಮೇಲೂ 550. ಎರಡರ ಮೇಲೂ ‘ವರೆಗೆ’.

‘ವ್ಯತ್ಯಾಸ ಏನು?’ ಎಂದು ಕೇಳಿದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಳಗೆ ಏನಿದೆ ಅಂತ ನನಗೂ ಗೊತ್ತಿರೋದಿಲ್ಲ ಸರ್. ಹೋದ ತಿಂಗಳು ಬಂದ ಮಾಲಿನಲ್ಲಿ ಒಂದು ಚಿಪ್ಪು, ಈ ತಿಂಗಳದ್ದರಲ್ಲಿ ಇನ್ನೊಂದು. ಪೆಟ್ಟಿಗೆ ಮಾತ್ರ ಅದೇ’ ಎಂದ.

ಮಾರುವವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಮನೆಗೆ ಬಂದು, ಆ ಗೊತ್ತಿಲ್ಲದ ಒಳಗನ್ನು ಕುರಿತು ಸಾಧ್ಯವಾದಷ್ಟು ತಿಳಿಯಲು ಎರಡು ದಿನ ಕೂತೆ.

ಸಂಗತಿ ತಕ್ಕಮಟ್ಟಿಗೆ ಸರಳವಾಗಿದೆ. ಈ ಸಾಧನದ ಹೃದಯದಲ್ಲಿರುವುದು ಫ್ಲಾಶ್ ಮೆಮೊರಿ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ಕಂಡುಹಿಡಿದದ್ದು. ನಾವು ಇಂದು ಬಳಸುವ ನ್ಯಾಂಡ್ ಎಂಬ ಬಗೆಯನ್ನು ಅವರು ಲೋಕದ ಮುಂದಿಟ್ಟದ್ದು 1987ರಲ್ಲಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶದೊಳಗೆ ವಿದ್ಯುತ್ ಕಣಗಳನ್ನು ಸೆರೆಹಾಕಿದರೆ, ಕರೆಂಟು ಹೋದರೂ ಅವು ಅಲ್ಲೇ ಇರುತ್ತವೆ. ಕಣಗಳು ಇವೆಯೇ ಇಲ್ಲವೇ ಎಂದಷ್ಟೇ ನೋಡಿದರೆ ಒಂದು ಕೋಶಕ್ಕೆ ಒಂದು ಬಿಟ್. ಇದು ದುಬಾರಿ. ಹಾಗಾಗಿ ಒಂದೇ ಕೋಶದಲ್ಲಿ ಹೆಚ್ಚು ತುಂಬುವ ಉಪಾಯ ಹುಡುಕಿದರು. ಮೂರು ಬಿಟ್ ತುಂಬಬೇಕಾದರೆ ಎಂಟು ಮಟ್ಟಗಳನ್ನು ಗುರುತಿಸಬೇಕು; ನಾಲ್ಕು ತುಂಬಬೇಕಾದರೆ ಹದಿನಾರು. ಹಂಡೆಯಲ್ಲಿ ನೀರಿದೆಯೋ ಇಲ್ಲವೋ ಎಂಬುದನ್ನು ಕತ್ತಲಲ್ಲೂ ಕೈಯಾಡಿಸಿ ಹೇಳಬಹುದು. ಹದಿನಾರು ಗೆರೆಗಳಲ್ಲಿ ಯಾವ ಗೆರೆಗೆ ನೀರು ನಿಂತಿದೆ ಎಂದು ಹೇಳಬೇಕಾದರೆ ದೀಪ ಬೇಕು, ಹೊತ್ತು ಬೇಕು. ಆ ಗೆರೆಗೇ ಸರಿಯಾಗಿ ನೀರು ಹೊಯ್ಯಬೇಕಾದರಂತೂ ತಾಳ್ಮೆ ಬೇಕು. ನಾಲ್ಕು ಬಿಟ್ಟಿನ ಕೋಶ ಅಗ್ಗ, ಆದರೆ ಬರೆಯುವುದರಲ್ಲಿ ನಿಧಾನ, ಸವೆಯುವುದರಲ್ಲಿ ಬೇಗ.

ಈ ನಿಧಾನ ಹೊರಗೆ ಕಾಣದಂತೆ ಮಾಡಲು ಒಂದು ವ್ಯವಸ್ಥೆಯಿದೆ. ನಮ್ಮ ಮನೆಗಳಲ್ಲಿ ತೋಟದಿಂದ ಬಂದದ್ದನ್ನು ಮೊದಲು ಜಗುಲಿಗೆ ಸುರಿದು, ಆಮೇಲೆ ನಿಧಾನವಾಗಿ ಅಟ್ಟಕ್ಕೆ ಸಾಗಿಸುತ್ತೇವಲ್ಲ, ಹಾಗೆ. ಕೋಶಗಳ ಒಂದು ಭಾಗವನ್ನು ಒಂದೇ ಬಿಟ್ಟಿನ ಜಗುಲಿಯಾಗಿ ಇಟ್ಟುಕೊಂಡು, ಬಂದದ್ದನ್ನೆಲ್ಲ ಅಲ್ಲಿಗೆ ಸರಸರನೆ ಹಾಕುತ್ತಾರೆ. ಜಗುಲಿ ಖಾಲಿ ಇರುವ ತನಕ 500ರ ವೇಗ. ಜಗುಲಿ ತುಂಬಿತೋ, ನೇರ ಅಟ್ಟ ಹತ್ತಬೇಕು; ಆಗ ಕೆಲವು ಅಗ್ಗದ ಸಾಧನಗಳ ವೇಗ ಹಳೆಯ ತಟ್ಟೆಗಿಂತಲೂ ಕೆಳಗಿಳಿಯುತ್ತದೆ. ಪೆಟ್ಟಿಗೆಯ ಮೇಲಿನ 550 ಆ ಜಗುಲಿಯ ಮಾತು. ಅಟ್ಟದ ಮಾತನ್ನು ಪೆಟ್ಟಿಗೆ ಎತ್ತುವುದೇ ಇಲ್ಲ.

ಇಷ್ಟಾದರೆ ಪರವಾಗಿಲ್ಲ, ಪರೀಕ್ಷೆ ಮಾಡಿ ಬರೆಯುವವರು ಇದ್ದಾರೆ, ಅವರು ಹೇಳಿದ್ದನ್ನು ನೋಡಿ ಹೆಸರು ಹಿಡಿದು ಕೊಳ್ಳಬಹುದು ಎಂದುಕೊಂಡರೆ, ಅಲ್ಲಿ ಇನ್ನೊಂದು ಸೋಜಿಗ ಎದುರಾಯಿತು. 2021ರಲ್ಲಿ ಹಲವು ತಯಾರಕರ ವಿಷಯದಲ್ಲಿ ಒಂದರ ಹಿಂದೊಂದು ಸುದ್ದಿ ಹೊರಬಿತ್ತು. ಮೊದಲ ಮಾಲನ್ನು ಪರೀಕ್ಷಕರು ಹೊಗಳಿದರು, ಹೆಸರು ನಿಂತಿತು, ಜನ ಕೊಳ್ಳತೊಡಗಿದರು. ಆಮೇಲೆ ಅದೇ ಹೆಸರು, ಅದೇ ಪೆಟ್ಟಿಗೆಯ ಒಳಗೆ ಬೇರೆ ಕೋಶಗಳು. ಆ ಆಗಸ್ಟ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ನೀಲಿ ಎಸ್‌ಎನ್ 550ರಲ್ಲಿ ಹೀಗೆ ಬದಲಾವಣೆ ಮಾಡಿದ್ದನ್ನು ಒಪ್ಪಿಕೊಂಡಿತು. ಜಗುಲಿ ತುಂಬಿದ ಮೇಲಿನ ವೇಗ ಸುಮಾರು ಮೂರನೆಯ ಒಂದು ಪಾಲು ಕುಸಿದಿತ್ತು. ಮುಂದೆ ಪ್ರಕಟಿಸಿದ ಗುಣಗಳಿಗೆ ಬಾಧೆ ಬರುವಂಥ ಬದಲಾವಣೆ ಮಾಡಿದರೆ ಹೊಸ ಮಾದರಿ ಸಂಖ್ಯೆಯನ್ನೇ ಕೊಡುತ್ತೇವೆಂದು ಕಂಪನಿ ಹೇಳಿತು. ಹೇಳಿದ್ದು ಒಳ್ಳೆಯದೇ. ಆದರೆ ಆ ‘ಪ್ರಕಟಿಸಿದ’ ಎಂಬ ವಿಶೇಷಣವನ್ನು ಗಮನಿಸಿ. ಅಟ್ಟದ ವೇಗವನ್ನು ಹೆಚ್ಚಿನವರು ಪ್ರಕಟಿಸುವುದೇ ಇಲ್ಲವಲ್ಲ!

ಅಡಿಕೆ ಸೀಮೆಯವನಾದ ನನಗೆ ಇದನ್ನು ನಮ್ಮ ವ್ಯಾಪಾರದ ಜೊತೆಗಿಟ್ಟು ನೋಡದೆ ಇರಲಾಗುವುದಿಲ್ಲ. ಶಿರಸಿಯಲ್ಲಿ ತೋಟಗಾರರ ಸೊಸೈಟಿ 1923ರಿಂದ ಇದೆ. ಅಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಒಂದೊಂದಕ್ಕೂ ಒಂದೊಂದು ಹೆಸರಿದೆ, ಹೆಸರಿಗೆ ತಕ್ಕ ದರವಿದೆ. ಆದರೆ ಹೆಸರು ಕೇಳಿ ಯಾವ ವ್ಯಾಪಾರಸ್ಥನೂ ದರ ಬರೆಯುವುದಿಲ್ಲ. ರಾಶಿಯ ಬುಡಕ್ಕೆ ಕೈ ತೂರಿಸುತ್ತಾನೆ, ಒಂದು ಹಿಡಿ ಎತ್ತಿ ಸದ್ದು ಕೇಳುತ್ತಾನೆ, ಅಡಕತ್ತರಿಯಲ್ಲಿ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ಮೇಲ್ಗಡೆ ಒಳ್ಳೆಯದು ಹರಡಿ ತಳದಲ್ಲಿ ಬೇರೆ ಇಟ್ಟವನ ಆಟ ಅಲ್ಲಿ ಒಂದು ದಿನ ನಡೆದೀತು. ಮರುವಾರದಿಂದ ಅವನ ರಾಶಿಗೆ ಬರುವ ದರವೇ ಅವನ ಜಾತಕ ಹೇಳುತ್ತದೆ. ನಮ್ಮ ಹಿರಿಯರೆಲ್ಲ ಸತ್ಯಹರಿಶ್ಚಂದ್ರರಾಗಿದ್ದರೆಂದು ಹೇಳುವ ಹುಮ್ಮಸ್ಸು ನನಗಿಲ್ಲ. ಅವರು ಕೈ ಹಾಕಿ ನೋಡುವವನ ಎದುರು ನಿಂತಿದ್ದರು, ಅಷ್ಟೇ. ಎಸ್‌ಎಸ್‌ಡಿಯೊಳಗೆ ಕೈ ತೂರಿಸಲು ಬರುವುದಿಲ್ಲ. ಕತ್ತರಿಸಿದರೆ ವಾರಂಟಿ ಹೋಗುತ್ತದೆ. ಹೋಗದಿದ್ದರೂ ಆ ಕಪ್ಪು ಚೌಕವನ್ನು ನೋಡಿ ನನಗಾಗಲಿ ಆ ಹುಡುಗಿಗಾಗಲಿ ಏನು ತಿಳಿದೀತು?

ಅಪ್ಪಟ ಮೋಸ ನನಗೆ ಇಲ್ಲಿ ಮುಖ್ಯವಲ್ಲ. 16 ಟೆರಾಬೈಟ್ ಎಂದು ಬರೆದ ಡಬ್ಬಿಯೊಳಗೆ ಫೋನಿಗೆ ಹಾಕುವ ಒಂದು ಮೆಮೊರಿ ಕಾರ್ಡು ಅಂಟಿಸಿ, ಕಂಪ್ಯೂಟರಿಗೂ ಸುಳ್ಳು ಅಳತೆ ಹೇಳುವಂತೆ ತಿದ್ದಿ ಮಾರಿದವರಿದ್ದಾರೆ. ಅದು ಕಳ್ಳತನ, ಅದಕ್ಕೆ ತತ್ತ್ವಶಾಸ್ತ್ರ ಬೇಡ, ಪೊಲೀಸರು ಸಾಕು. ಕಷ್ಟವಿರುವುದು ಒಂದು ಅಕ್ಷರವೂ ಸುಳ್ಳಾಗಿರದ ಪೆಟ್ಟಿಗೆಯ ವಿಷಯದಲ್ಲಿ. ತಯಾರಕ ಹೇಳುತ್ತಾನೆ: ‘ನಾನು ಇಂಥದೇ ಕೋಶ ಹಾಕುತ್ತೇನೆಂದು ಎಲ್ಲೂ ಬರೆದಿಲ್ಲ. 550ರವರೆಗೆ ಎಂದೆ, ಈಗಲೂ ಅಳೆದು ನೋಡಿ, ಬರುತ್ತದೆ. ಬಿಡಿಭಾಗಗಳ ಕೊರತೆಯಾದಾಗ ಸಿಕ್ಕಿದ್ದರಲ್ಲಿ ಮಾಡಿದೆ.’ ಕೊರತೆ ಇದ್ದದ್ದು ನಿಜ; ಅದೇ 2021ರಲ್ಲಿ ಚಿಪ್ಪುಗಳಿಲ್ಲದೆ ಕಾರುಗಳ ತಯಾರಿಕೆಯೇ ನಿಂತುಹೋಗುತ್ತಿತ್ತು. ಹಾಗಾದರೆ ತಪ್ಪೆಲ್ಲಿದೆ?

ಇಲ್ಲಿ ಧರ್ಮರಾಯನ ನೆನಪು ಬಾರದ ಭಾರತೀಯ ಇರಲಾರ. ಅಶ್ವತ್ಥಾಮನೆಂಬ ಆನೆಯನ್ನು ಭೀಮ ಕೊಂದದ್ದು ನಿಜ. ಅಶ್ವತ್ಥಾಮ ಸತ್ತನೆಂದು ಧರ್ಮರಾಯ ಗಟ್ಟಿಯಾಗಿ ಹೇಳಿದ್ದೂ ನಿಜ, ‘ಆನೆ’ ಎಂದು ಸಣ್ಣ ದನಿಯಲ್ಲಿ ಸೇರಿಸಿದ್ದೂ ನಿಜ. ಒಂದು ಶಬ್ದವೂ ಸುಳ್ಳಲ್ಲ. ಆದರೂ ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ಪೆಟ್ಟಿಗೆಯ ಮೇಲಿನ ಸಣ್ಣಕ್ಷರದ ‘ವರೆಗೆ’ ನನಗೆ ಆ ಸಣ್ಣ ದನಿಯ ಆನೆಯಂತೆಯೇ ಕಾಣುತ್ತದೆ. ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಹುಡುಗರು ದನಿ ಇಳಿಸಿದ್ದರ ಬಗೆಗೇ ವಾದ ಮಾಡುತ್ತಿದ್ದರು. ನನ್ನ ಕಣ್ಣಿಗೆ ಹೆಚ್ಚು ಚುಚ್ಚುವುದು ಇನ್ನೊಂದು ಸಂಗತಿ. ದ್ರೋಣ ಭೀಮನ ಮಾತನ್ನು ನಂಬಲಿಲ್ಲ. ಅವನು ಧರ್ಮರಾಯನನ್ನೇ ಹುಡುಕಿ ಕೇಳಿದ. ಏಕೆ? ಇವನು ಸುಳ್ಳಾಡುವವನಲ್ಲ ಎಂದು. ಅಂದರೆ ಆ ದಿನ ದ್ರೋಣನನ್ನು ಕೆಳಗಿಳಿಸಿದ ಆಯುಧ ಧರ್ಮರಾಯನ ಅಷ್ಟು ವರ್ಷಗಳ ಸತ್ಯ. ಕೂಡಿಟ್ಟ ನಂಬಿಕೆಯನ್ನೇ ನಂಬಿದವನ ಮೇಲೆ ಪ್ರಯೋಗಿಸಿದ್ದು. ಭೀಮ ಹತ್ತು ಸುಳ್ಳು ಹೇಳಿದ್ದರೂ ಇಷ್ಟು ಕೇಡಾಗುತ್ತಿರಲಿಲ್ಲ, ಏಕೆಂದರೆ ಕೇಳುವವನು ಎಚ್ಚರವಾಗಿರುತ್ತಿದ್ದ.

ಪಶ್ಚಿಮದಲ್ಲಿ ಸುಳ್ಳನ್ನು ಅತ್ಯಂತ ಕಠಿಣವಾಗಿ ನಿಷೇಧಿಸಿದವನು ಕಾಂಟ್. ಕೊಲೆಗಾರ ಬಂದು ಕೇಳಿದರೂ ಸುಳ್ಳಾಡಕೂಡದೆಂದು 1797ರಲ್ಲಿ ಬರೆದ ಮನುಷ್ಯ. ಅವನದೂ ಒಂದು ಆನೆ ಇದೆ. 1794ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ಅವನ ಧರ್ಮಸಂಬಂಧದ ಬರಹಗಳ ಮೇಲೆ ಕೋಪಿಸಿಕೊಂಡಾಗ, ತಾವು ಇನ್ನು ಆ ವಿಷಯ ಬರೆಯುವುದಿಲ್ಲವೆಂದು ಕಾಂಟ್ ಮಾತು ಕೊಟ್ಟ. ಆದರೆ ‘ದೊರೆಗಳ ವಿಧೇಯ ಪ್ರಜೆಯಾಗಿ’ ಎಂಬ ಮಾತನ್ನು ಜಾಣತನದಿಂದ ಸೇರಿಸಿದ. 1797ರಲ್ಲಿ ದೊರೆ ತೀರಿಕೊಂಡ. ಈಗ ತಾನು ಆ ದೊರೆಯ ಪ್ರಜೆಯಲ್ಲ, ಆದ್ದರಿಂದ ಮಾತಿಗೆ ಕಟ್ಟುಬಿದ್ದವನಲ್ಲ ಎಂದು ಕಾಂಟ್ ಮತ್ತೆ ಬರೆದ. 1798ರ ತನ್ನ ಪುಸ್ತಕದ ಮುನ್ನುಡಿಯಲ್ಲಿ ಆ ಶಬ್ದವನ್ನು ಬೇಕೆಂದೇ ಆರಿಸಿದ್ದೆನೆಂದು ತಾನೇ ಹೇಳಿಕೊಂಡ. ಇದನ್ನು ಓದಿ ಕಾಂಟನನ್ನು ಆಡಿಕೊಳ್ಳುವವರಿದ್ದಾರೆ. ನನಗೆ ಅವನ ಮೇಲೆ ಕೋಪ ಬರುವುದಿಲ್ಲ. ಎಪ್ಪತ್ತು ವರ್ಷದ ಪ್ರಾಧ್ಯಾಪಕ ಒಬ್ಬ ರಾಜನ ಎದುರು ಒಂದು ಶಬ್ದದ ಮರೆಯಲ್ಲಿ ನಿಂತ. ಬಲಹೀನ ಬಲಶಾಲಿಯಿಂದ ಏನನ್ನೋ ಮುಚ್ಚಿಟ್ಟುಕೊಳ್ಳುವುದು ಒಂದು. ಸಾವಿರಾರು ಎಂಜಿನಿಯರುಗಳನ್ನು ಇಟ್ಟುಕೊಂಡ ಸಂಸ್ಥೆ, ಕೋಶ ಎಂದರೇನೆಂದೇ ತಿಳಿಯದ ಹುಡುಗಿಯಿಂದ ಮುಚ್ಚಿಡುವುದು ಇನ್ನೊಂದು. ಮೌನಕ್ಕೂ ತೂಕವಿದೆ. ಅದನ್ನು ಆಡದವನ ಬಲ ನೋಡಿ ತೂಗಬೇಕು. ನಮ್ಮ ಕಾನೂನಿಗೂ ಇದು ಸ್ವಲ್ಪ ತಿಳಿದಂತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತು ಯಾವುದೆಂದು ವಿವರಿಸುವಾಗ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಅದರಲ್ಲಿ ಸೇರಿಸಿದೆ. ಆದರೆ ಯಾವುದು ಮುಖ್ಯವೆಂದು ಪೆಟ್ಟಿಗೆ ಕೊಳ್ಳುವವಳು ನ್ಯಾಯಾಲಯದಲ್ಲಿ ಸಾಧಿಸಿ ತೋರಿಸುವುದು ಯಾವ ಕಾಲಕ್ಕೆ!

ಎಲ್ಲ ‘ವರೆಗೆ’ಗಳೂ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಆ ಯಂತ್ರದಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರವರೆಗೆ ಮಾತ್ರ ಪೋಷಣೆಯೆಂದು ಮೈಕ್ರೋಸಾಫ್ಟ್ ಮೊದಲೇ ದಿನ ಹೇಳಿತ್ತು. ಅದು ಸಿಟ್ಟು ತರಿಸುವ ಮಾತಿರಬಹುದು, ಮೋಸದ್ದಲ್ಲ. ಆ ದಿನ ಬಂತು, ಹೋಯಿತು. ಅವಳ ಲ್ಯಾಪ್‌ಟಾಪಿನಲ್ಲಿ ಈಗ ಲಿನಕ್ಸ್ ಇದೆ. ವಾರಂಟಿಯ ಮಾತೂ ಹಾಗೆಯೇ. 3300ರ ಪೆಟ್ಟಿಗೆಯ ಮೇಲೆ ಐದು ವರ್ಷ ಅಥವಾ 180 ಟೆರಾಬೈಟ್ ಬರೆಯುವವರೆಗೆ, ಯಾವುದು ಮೊದಲೋ ಅದು, ಎಂದಿತ್ತು. ದಿನಕ್ಕೆ 20 ಗಿಗಾಬೈಟ್ ಬರೆದರೂ 180 ಟೆರಾಬೈಟ್ ತುಂಬಲು 9000 ದಿನ ಬೇಕು, ಸುಮಾರು ಇಪ್ಪತ್ತನಾಲ್ಕೂವರೆ ವರ್ಷ. ಒಂದು ಬಿ.ಕಾಂ. ಹುಡುಗಿಯ ಲೆಕ್ಕಪತ್ರಗಳು ಅದರ ಹತ್ತಿರವೂ ಹೋಗವು. ಹಾಗಾಗಿ ಬಾಳಿಕೆಯ ಅಂಕೆ ನೋಡಿ ಇನ್ನೂ ದುಬಾರಿಯದಕ್ಕೆ ಹೋಗುವುದು, ಊಟಕ್ಕೆ ಕೂತ ಒಬ್ಬನಿಗೆ ಸಂತರ್ಪಣೆಯ ಕೊಪ್ಪರಿಗೆ ಕೊಂಡಂತೆ. ವಾರಂಟಿ ಕೊಡುವುದಾದರೂ ಹೊಸ ಸಾಧನ ಮಾತ್ರ, ಅದರಲ್ಲಿ ಬರೆದಿಟ್ಟದ್ದನ್ನಲ್ಲ ಎಂಬುದನ್ನು ಅವಳಿಗೆ ಬಿಡಿಸಿ ಹೇಳಿದೆ. ಪರೀಕ್ಷೆಯ ಕೆಲಸವನ್ನೆಲ್ಲ ಇನ್ನೊಂದು ಕಡೆ ನಕಲು ಇಟ್ಟುಕೊಳ್ಳಲು ಒಂದು ಪೆನ್‌ಡ್ರೈವ್ ನಮ್ಮ ಮನೆಯಲ್ಲೇ ಇತ್ತು.

ಈಗ ನನ್ನ ಮುಂದಿದ್ದ ಪ್ರಶ್ನೆ ಇಷ್ಟು. ಇದನ್ನೆಲ್ಲ ಅವಳಿಗೆ ಹೇಳಬೇಕೇ, ಅಥವಾ ‘ಇದೇ ಒಳ್ಳೇದು ತಂಗಿ’ ಎಂದು ಒಂದನ್ನು ಕೈಗಿಡಬೇಕೇ? ಹಿರಿಯರಾದವರಿಗೆ ಎರಡನೆಯದು ಸಲೀಸು. ಅವಳೂ ಕೇಳಿದ್ದು ಅದನ್ನೇ. ಆದರೆ ಹಾಗೆ ಮಾಡಿದರೆ ನಾನೂ ಒಂದು ಪೆಟ್ಟಿಗೆಯಾದಂತಲ್ಲವೇ? ನನ್ನ ಹೆಸರಿನ ಮೇಲೆ ಅವಳ ದುಡ್ಡು, ಒಳಗೇನಿದೆ ಎಂಬುದು ಅವಳಿಗೆ ತಿಳಿಯದು. ನನ್ನ ಮಾತಿಗೂ ಒಂದು ‘ವರೆಗೆ’ ಇದೆ. ನನಗೆ ಗೊತ್ತಿರುವುದು ಇಲ್ಲಿಯ ತನಕ, ಇಲ್ಲಿಂದಾಚೆ ಗೊತ್ತಿಲ್ಲ ಎಂಬ ಗೆರೆ. ಅದನ್ನು ದೊಡ್ಡ ಅಕ್ಷರದಲ್ಲೇ ಹೇಳಬೇಕೆನಿಸಿತು. ಜಗುಲಿ, ಅಟ್ಟ, ಹಂಡೆಯ ಗೆರೆ, ಬದಲಾಗುವ ಚಿಪ್ಪು, ಎಲ್ಲ ಹೇಳಿದೆ. ಅವಳು ಬೇಸರವಿಲ್ಲದೆ ಕೇಳಿದಳು.

ಅಂಗಡಿಗೆ ಎರಡನೆಯ ಸಲ ಹೋದಾಗ ಅವಳು ಮೊದಲು ಕೇಳಿದ್ದು ಬೇರೆಯದೇ. ಮೇಜಿನ ಮೇಲೆ ಯಾರದೋ ಲ್ಯಾಪ್‌ಟಾಪಿಗೆ ಆಗಷ್ಟೇ 500ರ ಡ್ರೈವ್ ಹಾಕಿಟ್ಟಿದ್ದರು. ಪರದೆಯ ಮೇಲೆ 465 ಎಂದು ಕಾಣುತ್ತಿತ್ತು. ಅದನ್ನು ತೋರಿಸಿ, ‘ಇದು ಗೋಪುರದ ಡಬ್ಬವೋ, ಕೈ ಎಳೆದ ಡಬ್ಬವೋ ಮಾಸ್ತರ್ರೆ?’ ಎಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಸುಲಿದ ಅಡಿಕೆಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಡಬ್ಬ ಒಂದೇ. ಆದರೆ ಕೆಲವು ಮನೆಗಳಲ್ಲಿ ಅದು ಬಾಯಿ ಮೀರಿ ಗೋಪುರವಾಗುವ ತನಕ ತುಂಬಿಸಿಕೊಂಡು ಒಂದು ಡಬ್ಬ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಅಂಚಿಗೆ ಸರಿಯಾಗಿ ಅಂಗೈ ಎಳೆದು ಒಂದು ಎನ್ನುತ್ತಾರೆ. ಕೂಲಿಯ ದರ ಕೇಳಿದರೆ ಎರಡೂ ಮನೆಯವರು ಒಂದೇ ಅಂಕೆ ಹೇಳುತ್ತಾರೆ, ಯಾರೂ ಸುಳ್ಳು ಹೇಳುವುದಿಲ್ಲ. ನನ್ನ ತಾಯಿ ಕಡೆಯ ದಿನಗಳವರೆಗೂ ಅಂಗಳದಲ್ಲಿ ನಿಂತು ತಾನೇ ಕೈ ಎಳೆಯುತ್ತಿದ್ದಳು, ಸುಲಿದವರು ಎದುರಿಗಿಲ್ಲದಿದ್ದರೆ ಅಳೆಯುತ್ತಲೇ ಇರಲಿಲ್ಲ.

ಸ್ವಾರಸ್ಯವೆಂದರೆ, ಹುಡುಗಿಗೆ ಅನುಮಾನ ಬಂದ ಆ ಒಂದು ಕಡೆಯಲ್ಲಿ ಮೋಸವಿರಲಿಲ್ಲ. ತಯಾರಕರು ಸಾವಿರಕ್ಕೆ ಒಂದರಂತೆ ಎಣಿಸುತ್ತಾರೆ. ವಿಂಡೋಸ್ 1024ಕ್ಕೆ ಒಂದರಂತೆ ಎಣಿಸುತ್ತದೆ. ಐದುನೂರು ಶತಕೋಟಿ ಬೈಟುಗಳನ್ನು ಎರಡನೆಯ ಕೊಳಗದಲ್ಲಿ ಅಳೆದರೆ 465 ಬರುತ್ತದೆ. ಬೈಟು ಒಂದೂ ಕಳೆದಿಲ್ಲ. ಹಿಂದೆ ಸೇರು, ಕೊಳಗಗಳು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿದ್ದ ಹಾಗೆ ಇದೂ ಒಂದು. ಅಂಗಡಿಯ ಹುಡುಗ ಕಾಗದದ ಮೇಲೆ ಭಾಗಾಕಾರ ಮಾಡಿ ತೋರಿಸಿದ. ಬಿ.ಕಾಂ. ಹುಡುಗಿಗೆ ಒಪ್ಪಿಗೆಯಾಯಿತು.

ಆಮೇಲೆ ಅವಳು ಎರಡು ಪೆಟ್ಟಿಗೆಗಳನ್ನೂ ಮುಂದಕ್ಕೆ ಎಳೆದುಕೊಂಡು, ‘ನನ್ನೆದುರಿಗೆ ಅಳೆದು ಕೊಡ್ತೀರಾ?’ ಎಂದು ಕೇಳಿದಳು.

ಹುಡುಗ ನನ್ನ ಮುಖ ನೋಡಿದ. ಸೀಲು ಒಡೆದ ಪೆಟ್ಟಿಗೆಯನ್ನು ಹುಬ್ಬಳ್ಳಿಯ ಡೀಲರು ವಾಪಸು ತೆಗೆದುಕೊಳ್ಳುವುದಿಲ್ಲ; ಅವಳು ಬೇಡವೆಂದರೆ ಅದು ಅವನ ತಲೆಯ ಮೇಲೆ. ನಾನೇನೂ ಹೇಳಲಿಲ್ಲ. ಹೇಳುವ ಹಕ್ಕು ನನಗಿರಲಿಲ್ಲ. ನಷ್ಟ ಅವನದು, ದುಡ್ಡು ಅವಳದು. ಅವನು ಸ್ವಲ್ಪ ಹೊತ್ತು ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದು, ಮೊದಲು 2200ರದ್ದನ್ನೇ ಒಡೆದ. ತನ್ನ ಯಂತ್ರಕ್ಕೆ ಜೋಡಿಸಿ, ಸಿನಿಮಾಗಳೋ ಏನೋ, 60 ಗಿಗಾಬೈಟಿನಷ್ಟು ಸರಕನ್ನು ಅದಕ್ಕೆ ತುಂಬಲು ಹಚ್ಚಿದ. ಪರದೆಯ ಮೇಲೆ ಹಸಿರು ಗೆರೆ ಎತ್ತರದಲ್ಲಿ ನೆಟ್ಟಗೆ ಓಡಿತು, 450ರ ಹತ್ತಿರ. ಒಂದು ಕಡೆ ಬಂದಾಗ, ಕೊಕ್ಕೆ ಬಿಚ್ಚಿದ ಕೊಡ ಬಾವಿಗೆ ಬಿದ್ದ ಹಾಗೆ ಕೆಳಗಿಳಿದು 48ಕ್ಕೆ ನಿಂತಿತು. ಮತ್ತೆ ಮೇಲೇಳಲೇ ಇಲ್ಲ. ಮೂವರೂ ನೋಡುತ್ತ ನಿಂತಿದ್ದೆವು. ‘ಇದನ್ನ ನಾನೇ ಬಿಲ್ಲಿಂಗ್ ಕಂಪ್ಯೂಟರಿಗೆ ಹಾಕ್ಕೋತೀನಿ, ಅದಕ್ಕೆ ಇಷ್ಟು ಸಾಕು’ ಎಂದು ಅದನ್ನು ಡ್ರಾವರಿನಲ್ಲಿಟ್ಟ. ಎರಡನೆಯದನ್ನು ಒಡೆಯುವಾಗ ಅವನ ಕೈ ನಿಧಾನವಾಗಿತ್ತು. ಅದೂ ಇಳಿಯಿತು, ಆದರೆ 300ರ ಆಸುಪಾಸಿನಲ್ಲಿ ನಿಂತು ಕೊನೆಯ ತನಕ ಹಾಗೇ ನಡೆಯಿತು.

ಬಿಲ್ಲು ಬರೆದು, ಹುಡುಗಿ ಕೇಳದೆಯೇ ಅದನ್ನು ಮಗುಚಿ ಹಿಂಬದಿಯಲ್ಲಿ ಡ್ರೈವಿನ ಕ್ರಮಸಂಖ್ಯೆ ಬರೆದ. ಅದರ ಕೆಳಗೆ ಎರಡು ಅಂಕೆ: ಮೊದಲಿಗೆ 490, ತುಂಬಿದ ಮೇಲೆ 300. ತಾರೀಕು ಹಾಕಿ ಸಹಿ ಮಾಡಿದ. ಅವಳು ಓದಿ ನೋಡಿ, ಇನ್ನೂರು ರೂಪಾಯಿ ಚಿಲ್ಲರೆ ಎಣಿಸಿಕೊಂಡು, ಬಿಲ್ಲನ್ನು ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡಳು. ಮೂರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಡ್ರಾವರಿನೊಳಗಿನದರ ದುಡ್ಡು ಹೇಗೆ ಎಂದು ಅವಳು ದಾರಿಯಲ್ಲಿ ನನ್ನನ್ನು ಎರಡು ಸಲ ಕೇಳಿದಳು. ಮುಂದಿನ ಕೊಯ್ಲು ಮುಗಿದ ಮೇಲೆ ಒಂದು ದಿನ ಆ ಅಂಗಡಿಗೆ ಹೋಗಿ, ಹುಡುಗ ಬೇಡವೆಂದರೂ ಕೇಳದೆ, ಐನೂರು ರೂಪಾಯಿ ಮೇಜಿನ ಮೇಲಿಟ್ಟು ಬಂದಳೆಂದು ಆಮೇಲೆ ಅವಳ ತಾಯಿಯಿಂದ ತಿಳಿಯಿತು.